‘ಶವಾಗಾರಕ್ಕೆ ಸಾಗಿಸಲಾಗಿದೆ’ ಅಂತ ಬರೆದು ಕೈ ತೊಳೆದುಕೊಳ್ಳುವ ನಾವು

ನಮ್ಮ ತಾಲ್ಲೂಕುಗಳ ಯಾವುದೇ ಅಪಘಾತದ ಸುದ್ದಿ ತೆಗೆದು ನೋಡಿ, ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ. ‘ಮೃತದೇಹಗಳನ್ನು ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ಸಾಗಿಸಲಾಗಿದೆ. ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ.’ ಪತ್ರಿಕೋದ್ಯಮ ಓದಿ ಬಂದ ನಾವೂ ಈ ಸಾಲನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಸುದ್ದಿ ಅಂದರೆ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಅಂತ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ‘ಸಾಗಿಸಲಾಗಿದೆ’ ಅನ್ನುವ ಪದದಲ್ಲಿ ಆ ಮೊದಲನೆಯ ‘ಯಾರು’ ಇಲ್ಲವೇ ಇಲ್ಲ. ಯಾರು ಸಾಗಿಸಿದರು? ಯಾರು ಇಳಿಸಿಕೊಂಡರು? ಯಾರು ತೊಳೆದರು, ಯಾರು ಕೊಯ್ದರು, ಯಾರು ಹೊಲಿದರು, ಯಾರು ಬಟ್ಟೆ ಸುತ್ತಿ ಮನೆಯವರ ಕೈಗೆ ಒಪ್ಪಿಸಿದರು?

ತಾಲ್ಲೂಕು ಆಸ್ಪತ್ರೆಯ ಹಿಂದುಗಡೆ, ಕಾಂಪೌಂಡಿನ ಮೂಲೆಯಲ್ಲಿ, ಒಂದು ಸಣ್ಣ ಕಟ್ಟಡ ಇರುತ್ತದೆ. ಊರಿನವರು ‘ಪೋಸ್ಟ್ ಮಾರ್ಟಂ ರೂಮು’ ಅನ್ನುತ್ತಾರೆ. ಮನೆಯಲ್ಲಿ ಒಂದು ಅಸಹಜ ಸಾವು ಕಂಡವರಿಗೆಲ್ಲ ಅದರ ಮುಂದಿನ ಜಾಗ ಗೊತ್ತು. ಡಾಕ್ಟರು ಯಾವಾಗ ಬರುತ್ತಾರೆ, ಪೊಲೀಸರ ಮಹಜರು ಮುಗಿಯಿತಾ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಲು ಆಗುತ್ತದಾ ಅಂತ ಅಲ್ಲಿ ಕಾದಿದ್ದೀರಿ. ಆಗ ಒಳಗಿನಿಂದ ಒಬ್ಬರು ಬಂದು ಬಿಳಿ ಬಟ್ಟೆ ತಂದುಕೊಡಿ ಅಂದಿರುತ್ತಾರೆ. ಅವರ ಮುಖ ನಿಮಗೆ ನೆನಪಿರಲಾರದು. ಹೆಸರನ್ನಂತೂ ಯಾರೂ ಕೇಳಿರುವುದಿಲ್ಲ.

ಈ ಬರಹ ಅವರ ಬಗ್ಗೆ. ನಾವು ಹೇಳುವುದು ಇಷ್ಟು: ಶವಾಗಾರದಲ್ಲಿ ದುಡಿಯುವವರ ಮನಸ್ಸಿಗೆ ಆಗುವ ಗಾಯವನ್ನು ಸರ್ಕಾರ, ಆಸ್ಪತ್ರೆ, ಪತ್ರಿಕೆಯವರು, ಊರಿನವರು ಎಲ್ಲರೂ ಸೇರಿ ‘ಅವರಿಗೆ ಅಭ್ಯಾಸ ಆಗಿರುತ್ತೆ ಬಿಡಿ’ ಅನ್ನುವ ಒಂದು ಮಾತಿನಡಿ ಮುಚ್ಚಿಟ್ಟಿದ್ದೇವೆ. ಆ ಮಾತು ಸುಳ್ಳು. ಮತ್ತು ಆ ಸುಳ್ಳು ನಮಗೆಲ್ಲ ಅನುಕೂಲವಾಗಿದೆ.

ನಮ್ಮ ಜಿಲ್ಲೆಯ ಲೆಕ್ಕವೇ ಬೇರೆ

ಬೆಂಗಳೂರು ಗ್ರಾಮಾಂತರ ಅಂದರೆ ನಾಲ್ಕೇ ತಾಲ್ಲೂಕು. ಆದರೆ ರಸ್ತೆ ನೋಡಿ. ನೆಲಮಂಗಲದಲ್ಲಿ ತುಮಕೂರು ಕಡೆಗೊಂದು, ಹಾಸನದ ಕಡೆಗೊಂದು ರಾಷ್ಟ್ರೀಯ ಹೆದ್ದಾರಿ. ದೇವನಹಳ್ಳಿ ಮೇಲೆ ಹೈದರಾಬಾದ್ ಹೆದ್ದಾರಿ. ಹೊಸಕೋಟೆ ಮೇಲೆ ಕೋಲಾರದ ಹೆದ್ದಾರಿ. ಇವನ್ನೆಲ್ಲ ಅಡ್ಡಕ್ಕೆ ಜೋಡಿಸುವ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ದೇವನಹಳ್ಳಿ–ಹೊಸಕೋಟೆ ರಸ್ತೆ. ರಾಜಧಾನಿಗೆ ಬರುವ ಹೋಗುವ ಲಾರಿ, ಕಂಟೇನರ್, ಬಸ್ಸು ಎಲ್ಲ ನಮ್ಮ ಹೊಲಗಳ ಪಕ್ಕದಲ್ಲೇ ಓಡುತ್ತವೆ.

2024ರ ಡಿಸೆಂಬರ್ 21ರಂದು ನೆಲಮಂಗಲ ತಾಲ್ಲೂಕಿನ ತಾಳೇಕೆರೆ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಬಿತ್ತು. ಮಕ್ಕಳೂ ಸೇರಿ ಒಂದೇ ಕುಟುಂಬದ ಆರು ಜನ ಕಾರಿನೊಳಗೇ ಹೋದರು. ಆ ದೃಶ್ಯ ದೇಶದ ಎಲ್ಲ ಮೊಬೈಲಿಗೂ ಬಂತು. ನಾವೂ ನೋಡಿದೆವು, ನೀವೂ ನೋಡಿದಿರಿ. ನೋಡಿ ‘ಅಯ್ಯೋ’ ಅಂದು ಬೆರಳು ಮೇಲಕ್ಕೆ ಸರಿಸಿದೆವು. ಅಂಥ ದಿನ ಶವಾಗಾರದಲ್ಲಿ ಇರುವವರಿಗೆ ಬೆರಳು ಸರಿಸುವ ಅವಕಾಶ ಇಲ್ಲ. ಆ ಮಕ್ಕಳನ್ನು ಕೈಯಿಂದ ಎತ್ತಿ ಮೇಜಿನ ಮೇಲೆ ಮಲಗಿಸಬೇಕು.

ರಸ್ತೆ ಒಂದೇ ಅಲ್ಲ. ಕೃಷಿ ಹೊಂಡಕ್ಕೆ ಈಜಲು ಇಳಿದ ಹುಡುಗರು, ಕೆರೆ, ಕಲ್ಲು ಕ್ವಾರಿ ಗುಂಡಿ, ದೊಡ್ಡಬಳ್ಳಾಪುರದ ಮೇಲೆ ಹೋಗುವ ರೈಲು ಹಳಿ, ಕೈಗಾರಿಕಾ ಪ್ರದೇಶದ ಯಂತ್ರ, ಸಾಲಕ್ಕೆ ಸೋತು ಕ್ರಿಮಿನಾಶಕ ಕುಡಿದ ರೈತರು. ಹೊರರಾಜ್ಯದಿಂದ ಕೂಲಿಗೆ ಬಂದು ಗುರುತು ಹಿಡಿಯಲು ಒಬ್ಬರೂ ಇಲ್ಲದೆ ಶೀತಲ ಪೆಟ್ಟಿಗೆಯಲ್ಲಿ ಉಳಿಯುವವರು. ಕರ್ನಾಟಕದಲ್ಲಿ ರಸ್ತೆ ಅಪಘಾತದಿಂದ ಸಾಯುವವರು ಈಚೆಗೆ ವರ್ಷಕ್ಕೆ 11 ಸಾವಿರ ಮೀರಿದ್ದಾರೆ. ಆತ್ಮಹತ್ಯೆ 13 ಸಾವಿರ ಮೀರಿದೆ. ಈ ಎರಡೇ ಸೇರಿದರೆ ವರ್ಷಕ್ಕೆ 24 ಸಾವಿರ ದೇಹ. ಬಹುಪಾಲು ಯಾವುದೋ ಒಂದು ಸರ್ಕಾರಿ ಶವಾಗಾರದ ಮೇಜಿಗೆ ಬಂದೇ ಮನೆಗೆ ಹೋಗಬೇಕು.

ಕಾನೂನಿನಲ್ಲಿ ಎಲ್ಲರಿದ್ದಾರೆ, ಅವರಿಲ್ಲ

ಅಸಹಜ ಸಾವು ಆದರೆ ಏನು ಮಾಡಬೇಕು ಅಂತ ಕಾನೂನು ಹೇಳುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಬಂದಿದೆ. ಅದರಲ್ಲಿ ಪೊಲೀಸ್ ಅಧಿಕಾರಿ ಇದ್ದಾರೆ. ಪಂಚರಾಗಿ ನಿಲ್ಲುವ ಅಕ್ಕಪಕ್ಕದ ಇಬ್ಬರು ಗೌರವಸ್ಥರು ಇದ್ದಾರೆ. ಪರೀಕ್ಷೆ ಮಾಡುವ ವೈದ್ಯರು ಇದ್ದಾರೆ. ತಲೆಬುರುಡೆ ತೆರೆಯಲು ನಿಲ್ಲುವ ಕೈ ಯಾರದು ಅಂತ ಮಾತ್ರ ಇಲ್ಲ.

ಕಾಗದದ ಮೇಲೆ ವೈದ್ಯರೇ ಎಲ್ಲ ಮಾಡಬೇಕು. ತಾಲ್ಲೂಕು ಮಟ್ಟದಲ್ಲಿ ಎಷ್ಟೋ ಕಡೆ ನಡೆಯುವುದು ಬೇರೆ. ಹೊರರೋಗಿಗಳನ್ನು ನೋಡಿ, ವಾರ್ಡು ಸುತ್ತಿ ಬರುವ ವೈದ್ಯರು ನೋಡಿ ಬರೆದುಕೊಳ್ಳುತ್ತಾರೆ. ಕೊಯ್ಯುವುದು, ಬಿಚ್ಚುವುದು, ಹೊಲಿಯುವುದು ಗ್ರೂಪ್ ‘ಡಿ’ ನೌಕರರ ಪಾಲು. ಕೆಲವು ಕಡೆ ಅವರು ಕಾಯಂ ನೌಕರರೂ ಅಲ್ಲ, ಹೊರಗುತ್ತಿಗೆಯವರು. ಬೆಳಿಗ್ಗೆ ವಾರ್ಡು ಗುಡಿಸಿದವರೇ ಮಧ್ಯಾಹ್ನ ಶವಾಗಾರಕ್ಕೆ. ವೈದ್ಯರಿಗೆ ವಿಧಿವಿಜ್ಞಾನ ಒಂದು ಪಾಠವಾಗಿ ಇರುತ್ತದೆ. ಇವರಿಗೆ ತರಬೇತಿ ಅಂದರೆ ಹಿಂದೆ ಇದ್ದವರು ಮಾಡಿದ್ದನ್ನು ನೋಡಿ ಕಲಿತದ್ದು, ಅಷ್ಟೆ.

2021ರ ನವೆಂಬರ್ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನಾಸ್ಪದ ಸಾವುಗಳಿಗೆ ಈ ಒಪ್ಪಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕಾಯುವ ಮನೆಯವರಿಗೆ, ಅಂಗದಾನಕ್ಕೆ ಇದರಿಂದ ಒಳ್ಳೆಯದೇ ಆಯಿತು. ನಾವೂ ಒಪ್ಪುತ್ತೇವೆ. ಆದರೆ ಬೆಳಗಿನಿಂದ ಮೇಜಿನ ಮುಂದೆ ನಿಂತವರೇ ರಾತ್ರಿಯೂ ನಿಲ್ಲಬೇಕಾ ಅನ್ನುವ ಪ್ರಶ್ನೆ ಆಗ ಎಲ್ಲಿ ಚರ್ಚೆಯಾಯಿತು?

ಅಭ್ಯಾಸ ಆಗುವುದು ಕೈಗೆ

ಈಗ ‘ಅಭ್ಯಾಸ’ದ ಮಾತಿಗೆ ಬರೋಣ. ದಿನಾ ಮಾಡಿದರೆ ಕೈಗೆ ಅಭ್ಯಾಸ ಆಗುತ್ತದೆ, ನಿಜ. ಮನಸ್ಸಿನ ಕಥೆ ಬೇರೆ ಅಂತ ವೈದ್ಯಶಾಸ್ತ್ರವೇ ಹೇಳುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ ಇದೆ, ಜಗತ್ತಿನ ವೈದ್ಯರು ಬಳಸುವಂಥದ್ದು. ಆಘಾತದ ನಂತರ ಬರುವ ಮಾನಸಿಕ ಕಾಯಿಲೆಗೆ (ಪಿಟಿಎಸ್‌ಡಿ) ಕಾರಣಗಳನ್ನು ಹೇಳುವಾಗ ಅದು ಕೆಲಸದ ಭಾಗವಾಗಿ ಮತ್ತೆ ಮತ್ತೆ ಭೀಕರವಾದುದನ್ನು ಎದುರಿಸುವುದನ್ನೂ ಸೇರಿಸಿದೆ. ಅಲ್ಲಿ ಕೊಟ್ಟಿರುವ ಉದಾಹರಣೆಯೇ ಮನುಷ್ಯರ ದೇಹದ ಅವಶೇಷ ಎತ್ತುವ ಕೆಲಸ. ಗಮನಿಸಿ, ‘ಮತ್ತೆ ಮತ್ತೆ’. ನಾವು ಯಾವುದನ್ನು ಅಭ್ಯಾಸ ಅನ್ನುತ್ತೇವೋ ಅದನ್ನೇ ಶಾಸ್ತ್ರ ಅಪಾಯ ಅನ್ನುತ್ತದೆ.

ಇನ್ನೊಂದು ಅಧ್ಯಯನ ಹೇಳಬೇಕು. 1989ರಲ್ಲಿ ಅಮೆರಿಕದ ‘ಅಯೋವಾ’ ಯುದ್ಧನೌಕೆಯಲ್ಲಿ ಫಿರಂಗಿ ಗೋಪುರ ಸಿಡಿದು 47 ನಾವಿಕರು ಸತ್ತರು. ಅವರ ದೇಹಗಳ ನಡುವೆ ಕೆಲಸ ಮಾಡಿದವರನ್ನು ರಾಬರ್ಟ್ ಅರ್ಸಾನೊ ಎಂಬ ವೈದ್ಯರು ಮತ್ತು ಜೊತೆಗಾರರು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದರು. ‘ಇವನು ನನ್ನ ಸ್ನೇಹಿತ ಆಗಿರಬಹುದಿತ್ತು’ ಅಂತ ಅನ್ನಿಸಿದವರಲ್ಲಿ ಆ ಕಾಯಿಲೆ ಹೆಚ್ಚು ಕಂಡಿತು.

ಇದನ್ನು ನಮ್ಮ ತಾಲ್ಲೂಕಿಗೆ ತಂದು ನೋಡಿ. ದೊಡ್ಡ ನಗರದ ಆಸ್ಪತ್ರೆಯಲ್ಲಿ ಮೇಜಿನ ಮೇಲೆ ಇರುವವರು ಬಹುಮಟ್ಟಿಗೆ ಅಪರಿಚಿತರು. ತಾಲ್ಲೂಕು ಆಸ್ಪತ್ರೆಯಲ್ಲಿ ಹಾಗಿಲ್ಲ. ಬಟ್ಟೆ ಸರಿಸಿದರೆ ಪಕ್ಕದ ಊರಿನ ಹಾಲಿನ ಡೇರಿಯವರು ಇರಬಹುದು. ಮಗನ ಜೊತೆ ಶಾಲೆಗೆ ಹೋಗುವ ಹುಡುಗ ಇರಬಹುದು. ತನ್ನದೇ ಬೀದಿಯ ಹೆಣ್ಣುಮಗಳು ಇರಬಹುದು. ‘ಸ್ನೇಹಿತ ಆಗಿರಬಹುದಿತ್ತು’ ಅನ್ನುವುದು ಅಲ್ಲಿ ಊಹೆ. ಇಲ್ಲಿ ಎಷ್ಟೋ ಸಲ ನಿಜ.

ಎಲ್ಲ ಶವಾಗಾರ ನೌಕರರೂ ಕಾಯಿಲೆಯವರು ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳುವುದೂ ಒಂದು ಅವಮಾನ. ಬಹಳ ಜನ ಗಟ್ಟಿಯಾಗಿ, ಹೆಮ್ಮೆಯಿಂದ ಈ ಕೆಲಸ ಮಾಡುತ್ತಾರೆ. ಆದರೆ ಗಾಯ ಆದವರಲ್ಲಿ ಅದು ಹೇಗೆ ಕಾಣುತ್ತದೆ ಅಂತ ತಿಳಿದಿರಬೇಕು. ನಿದ್ದೆ ಬರದೆ ಇರುವುದು, ಅದೇ ಮುಖ ಕನಸಿನಲ್ಲಿ ಬರುವುದು, ಸಣ್ಣ ಸದ್ದಿಗೂ ಬೆಚ್ಚಿ ಬೀಳುವುದು. ಎಷ್ಟು ಸೋಪು ಹಾಕಿದರೂ ವಾಸನೆ ಮೂಗಿನಲ್ಲೇ ಉಳಿದಂತೆ ಅನ್ನಿಸಿ ಊಟ ಸೇರದೆ ಇರುವುದು. ಮಕ್ಕಳ ಮೇಲೆ ಕಾರಣವಿಲ್ಲದೆ ಸಿಟ್ಟು, ಇಲ್ಲದಿದ್ದರೆ ಯಾರ ಜೊತೆಗೂ ಮಾತೇ ಬೇಡ ಅನ್ನುವ ಮಂಕು. ಇವು ತಿಂಗಳು ದಾಟಿ ಉಳಿದರೆ ಡಾಕ್ಟರಿಗೆ ತೋರಿಸಬೇಕು. ಇದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ.

ಎಣ್ಣೆಯೇ ಔಷಧಿ ಅಂದವರು ಯಾರು?

‘ಕುಡೀದೆ ಆ ಕೆಲಸ ಮಾಡಕ್ಕಾಗಲ್ಲ’ ಅನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಪಾಪ ಅಂತ ಹೇಳುವವರೂ ಇದ್ದಾರೆ, ಬೈದು ಹೇಳುವವರೂ ಇದ್ದಾರೆ. ಈ ಮಾತಿನ ಒಳಗೆ ಏನಿದೆ ನೋಡಿ. ಈ ಕೆಲಸ ಮನುಷ್ಯ ಎಚ್ಚರದಲ್ಲಿದ್ದು ಮಾಡಲಾಗದಷ್ಟು ಭಾರ ಅಂತ ನಮಗೆಲ್ಲ ಗೊತ್ತು. ಗೊತ್ತಿದ್ದೂ ಆ ಭಾರ ಇಳಿಸಲು ನಾವು ಕೊಟ್ಟ ದಾರಿ ಒಂದು ಕ್ವಾರ್ಟರ್. ಮನೆಯವರು ಕೈಗೆ ಕಾಸು ತುರುಕಿ ‘ಏನಾದ್ರೂ ತಗೊಳಪ್ಪ’ ಅನ್ನುತ್ತಾರೆ. ಹೆದ್ದಾರಿಯಲ್ಲಿ ಲಾರಿ ಓಡಿಸುವವನು ಕುಡಿದರೆ ಕೇಸು. ಇವರು ಕುಡಿದರೆ ‘ಅದು ಇದ್ದದ್ದೇ’. ಆಮೇಲೆ ಈರಲ್ಲಿ ಕೆಟ್ಟು, ಸಂಸಾರ ಕೆಟ್ಟು, ಸಣ್ಣ ವಯಸ್ಸಿಗೇ ಹೋದರೆ ‘ಕುಡಿದು ಸತ್ತ’ ಅನ್ನುತ್ತೇವೆ. ಕೆಲಸದಿಂದ ಸತ್ತರು ಅಂತ ಯಾವ ಕಾಗದದಲ್ಲೂ ಬರುವುದಿಲ್ಲ.

ಬರದಂತೆ ಕಾನೂನೂ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲೇ ತನ್ನ ಉದ್ಯೋಗ ಕಾಯಿಲೆಗಳ ಪಟ್ಟಿಗೆ ಆಘಾತದ ಮಾನಸಿಕ ಕಾಯಿಲೆಯನ್ನು ಸೇರಿಸಿತು. ನಮ್ಮಲ್ಲಿ ಕಾರ್ಮಿಕರ ಪರಿಹಾರಕ್ಕಿದ್ದ 1923ರ ಕಾಯ್ದೆಯ ಪಟ್ಟಿಯಲ್ಲಿ ಸೋಂಕು, ಸೀಸದ ವಿಷ, ಕಲ್ಲುಧೂಳಿನ ಕಾಯಿಲೆ, ಶಬ್ದದಿಂದ ಬರುವ ಕಿವುಡು ಇವೆಲ್ಲ ಇದ್ದವು. ಮನಸ್ಸು ಇರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇಲ್ಲ.

‘ಅವರು ದುಡ್ಡು ಕೇಳ್ತಾರಲ್ಲ?’

ಈ ಬರಹ ಓದುವಾಗ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಮನೆಯವರು ಸತ್ತು ಅಳುತ್ತಿರುವಾಗ ಶವಾಗಾರದ ಬಾಗಿಲಲ್ಲಿ ದುಡ್ಡು ಕೊಟ್ಟು ಬಂದವರು ನೀವಾಗಿರಬಹುದು. ಆ ನೋವು ಸುಳ್ಳಲ್ಲ. ಹಾಗೆ ಕೇಳುವುದು ತಪ್ಪು, ಅದಕ್ಕೆ ನಾವು ವಕಾಲತ್ತು ಹಾಕುವುದಿಲ್ಲ.

ಆದರೆ ಒಂದು ಪ್ರಶ್ನೆ. ದೇಹ ಸುತ್ತುವ ಬಟ್ಟೆ, ಕೈಗವಸು, ದಾರ ಇವನ್ನೆಲ್ಲ ಮನೆಯವರೇ ತರಬೇಕಾಗಿ ಬರುವುದು ಯಾಕೆ? ಹೊರಗುತ್ತಿಗೆ ನೌಕರನ ಸಂಬಳ ಏಜೆನ್ಸಿ ಕೈಯಲ್ಲಿದ್ದು, ಅಪಾಯದ ಭತ್ಯೆ ಅನ್ನುವುದು ಇಲ್ಲದಿದ್ದರೆ ಆ ಕೊರತೆ ಯಾರ ಜೇಬಿಗೆ ಬಂದು ಬೀಳುತ್ತದೆ? ನಿಮ್ಮ ಜೇಬಿಗೆ. ಸರ್ಕಾರ ಕೊಡಬೇಕಾದ್ದನ್ನು ಕೊಡದೆ, ಅಳುವವರನ್ನೂ ಕೊಯ್ಯುವವರನ್ನೂ ಬಾಗಿಲಲ್ಲಿ ಎದುರುಬದುರು ನಿಲ್ಲಿಸಿ ತಾನು ಒಳಗೆ ಕೂತಿದೆ. ಭತ್ಯೆ ಕೊಡಿ, ಸಾಮಾನು ಕೊಡಿ, ‘ಇಲ್ಲಿ ಯಾರಿಗೂ ಹಣ ಕೊಡಬೇಡಿ’ ಅಂತ ಬೋರ್ಡು ಹಾಕಿ. ಆಮೇಲೂ ಕೇಳಿದವರ ಮೇಲೆ ಕ್ರಮ ಕೈಗೊಳ್ಳಿ. ನಾವೇ ಮೊದಲು ಬರೆಯುತ್ತೇವೆ.

‘ಬದುಕಿರುವವರಿಗೇ ಡಾಕ್ಟರಿಲ್ಲ, ಸತ್ತವರ ಮನೆ ಯಾಕೆ’ ಅನ್ನುವವರೂ ಇದ್ದಾರೆ. ಅವರಿಗೆ ಹೇಳುವುದು: ಶವಾಗಾರ ಬದುಕಿರುವವರ ಕೆಲಸಕ್ಕೇ ಇರುವುದು. ಅಪಘಾತದ ವಿಮೆ, ವರದಕ್ಷಿಣೆ ಸಾವಿನ ಕೇಸು, ರೈತರ ಆತ್ಮಹತ್ಯೆಗೆ ಪರಿಹಾರ ಎಲ್ಲವೂ ಆ ವರದಿಯ ಮೇಲೆ ನಿಂತಿವೆ. ವಿಷದ ಅನುಮಾನ ಇದ್ದರೆ ಒಳಾಂಗದ ಮಾದರಿ ತೆಗೆದು ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಿದ್ದೆಗೆಟ್ಟ, ಕುಡಿದ, ಮಂಕಾದ ಕೈಯಿಂದ ಅಲ್ಲಿ ಒಂದು ತಪ್ಪಾದರೆ ನ್ಯಾಯ ತಪ್ಪುವುದು ನಿಮ್ಮ ಮನೆಗೆ.

ಜಾತಿಯ ಮಾತು ಬಿಟ್ಟು ಹೇಳಲಾಗದು

ನಮ್ಮ ಊರುಗಳಲ್ಲಿ ಗುಂಡಿ ತೋಡುವವರು ಯಾರು, ತಮಟೆ ಹೊಡೆಯುವವರು ಯಾರು, ಸತ್ತ ದನ ಎಳೆಯುವವರು ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಆಸ್ಪತ್ರೆ ಸರ್ಕಾರದ್ದಾದರೂ ಈ ಹಂಚಿಕೆ ಶವಾಗಾರದ ಬಾಗಿಲವರೆಗೂ ಬಂದಿದೆ. ‘ಅಭ್ಯಾಸ ಆಗಿರುತ್ತೆ’ ಅನ್ನುವ ಮಾತಿನ ಬೇರು ಇರುವುದೂ ಅಲ್ಲೇ. ಕೆಲವರು ಹುಟ್ಟಿದ್ದೇ ಇದಕ್ಕೆ ಅನ್ನುವ ಹಳೆಯ ನಂಬಿಕೆಗೆ ಹೊಸ ಅಂಗಿ ತೊಡಿಸಿದ್ದೇವೆ.

ಸಾವಿನ ಮನೆಗೆ ಹೋಗಿ ಬಂದರೆ ನಾವು ಸ್ನಾನ ಮಾಡದೆ ಒಳಗೆ ಬರುವುದಿಲ್ಲ. ದಿನಕ್ಕೆ ಎರಡು ಮೂರು ದೇಹ ಮುಟ್ಟುವವರಿಗೆ ಸ್ನಾನ ಮಾಡಿ ಬಟ್ಟೆ ಬದಲಿಸಿ ಮನೆಗೆ ಹೋಗಲು ಒಂದು ಬಚ್ಚಲು, ಬಿಸಿನೀರು ನಿಮ್ಮ ತಾಲ್ಲೂಕು ಶವಾಗಾರದಲ್ಲಿ ಇದೆಯಾ? ಹೋಗಿ ನೋಡಿ. ಮಡಿಯ ಬಗ್ಗೆ ಇಷ್ಟು ಮಾತಾಡುವ ಸಮಾಜ ಅಲ್ಲಿ ಒಂದು ನಲ್ಲಿ ಹಾಕಿಸಿದೆಯಾ ಅಂತ ಕೇಳಿ.

ಕೋವಿಡ್ ಕಲಿಸಿದ್ದನ್ನೂ ಮರೆತೆವು

2021ರ ಏಪ್ರಿಲ್–ಮೇನಲ್ಲಿ ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆ ಕಡೆಯ ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ ಉರಿಸಿದ್ದನ್ನು ನೋಡಿದ್ದೇವೆ. ಹೆತ್ತ ಮಕ್ಕಳೇ ಹತ್ತಿರ ಬರದ ದೇಹಗಳನ್ನು ಮುಟ್ಟಿದವರು ಈ ಕೆಲಸಗಾರರು. ಮುಂದೆ 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಸ್ಮಶಾನ ಕಾರ್ಮಿಕರನ್ನು ಮನೆಗೆ ಕರೆದು, ‘ಸತ್ಯ ಹರಿಶ್ಚಂದ್ರ ಬಳಗ’ ಅಂತ ಹೆಸರಿಟ್ಟು, ಕೆಲಸ ಕಾಯಂ ಮಾಡುವ ಮಾತಾಡಿದರು. ಒಳ್ಳೆಯ ಹೆಜ್ಜೆ. ಆದರೆ ಸ್ಮಶಾನಕ್ಕೆ ಬರುವ ಮೊದಲು ದೇಹ ಇದ್ದ ಜಾಗದ ಕೆಲಸಗಾರರಿಗೆ ಹೆಸರೂ ಸಿಗಲಿಲ್ಲ.

2021ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಜಾಜಿನಗರದ ಇಎಸ್ಐ ಆಸ್ಪತ್ರೆಯ ಹಳೆಯ ಶವಾಗಾರದಲ್ಲಿ, 2020ರ ಜುಲೈನಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ದೇಹಗಳು ಸಿಕ್ಕವು. ರಾಜ್ಯವೇ ಸಿಟ್ಟಾಯಿತು, ಆಗಲೇಬೇಕಿತ್ತು. ಆದರೆ ಆ ಸಿಟ್ಟು ಇನ್ನೊಂದು ಹೆಜ್ಜೆ ಹೋಗಿ, ನಮ್ಮ ಶವಾಗಾರಗಳು ಯಾರೂ ತಿರುಗಿ ನೋಡದ ಜಾಗ ಯಾಕಾದವು, ಅಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಕೇಳಲಿಲ್ಲ.

ಮದ್ದು ಅದೇ ಕಾಂಪೌಂಡಿನಲ್ಲಿದೆ

ಹೆಚ್ಚು ಸಿಟ್ಟು ತರಿಸುವುದು ಇದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದಲ್ಲಿ ನಡೆಯುತ್ತಿರುವುದಕ್ಕೆ ಮಾದರಿ ಸಿಕ್ಕಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ಮಾಡಿದ ಕೆಲಸದಿಂದ. ಆ ನಿಮ್ಹಾನ್ಸ್ ನಮ್ಮ ನಾಲ್ಕೂ ತಾಲ್ಲೂಕಿನಿಂದ ಒಂದು ಬಸ್ಸಿನ ದಾರಿ. ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಅನ್ನುವ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಂದರೆ ಮನೋವೈದ್ಯರು ಕೂರುವ ಕೋಣೆಗೂ ಶವಾಗಾರಕ್ಕೂ ಒಂದೇ ಕಾಂಪೌಂಡು. ನಡುವೆ ಇರುವುದು ನೂರಿನ್ನೂರು ಹೆಜ್ಜೆ. ಆ ಹೆಜ್ಜೆ ಹಾಕಲು ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ.

ನಾವು ಕೇಳುವುದು ಇಷ್ಟು:

1. ಶವಾಗಾರ ಸಹಾಯಕ ಅನ್ನುವುದು ಪ್ರತ್ಯೇಕ ಹುದ್ದೆ ಆಗಲಿ. ತರಬೇತಿ, ಕಾಯಂ ಸಂಬಳ, ಅಪಾಯದ ಭತ್ಯೆ ಇರಲಿ. ಗುಡಿಸುವವರನ್ನು ಕರೆದು ನಿಲ್ಲಿಸುವುದು ನಿಲ್ಲಲಿ.

2. ಒಬ್ಬರೇ ವರ್ಷಗಟ್ಟಲೆ ಅಲ್ಲೇ ಇರದಂತೆ ಸರದಿ ಇರಲಿ. ಮಕ್ಕಳ ದೇಹ, ಹಲವು ಸಾವು, ಪರಿಚಿತರ ಸಾವು ನೋಡಿದ ಮಾರನೆಯ ದಿನ ಸಂಬಳದ ರಜೆ ಸಿಗಲಿ. ಪರಿಚಿತರಾದರೆ ‘ನನ್ನಿಂದ ಆಗದು’ ಅನ್ನುವ ಹಕ್ಕು ಇರಲಿ.

3. ಜಿಲ್ಲಾ ಮಾನಸಿಕ ಆರೋಗ್ಯ ತಂಡ ಮೂರು ತಿಂಗಳಿಗೊಮ್ಮೆ ಇವರನ್ನು ಒಬ್ಬೊಬ್ಬರಾಗಿ ಕಂಡು ಮಾತಾಡಲಿ. ಆ ಮಾತು ಮೇಲಧಿಕಾರಿಗೆ ಹೋಗಬಾರದು.

4. ಬಚ್ಚಲು, ಬಿಸಿನೀರು, ಬೆಳಕು, ಗಾಳಿ, ಕೈಗವಸು, ಹೆಪಟೈಟಿಸ್ ಬಿ ಲಸಿಕೆ ಇರಲಿ. ಇವು ಸವಲತ್ತಲ್ಲ, ಕೆಲಸದ ಸಾಮಾನು.

ನೀವು ಮಾಡಬಹುದಾದ್ದು

ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರಲ್ಲಿ ಇರುವವರು ನಿಮಗೆ ಪರಿಚಯದವರೇ ಇರುತ್ತಾರೆ. ಶವಾಗಾರದ ವಿಷಯ ಸಭೆಗೆ ಎಷ್ಟು ಸಲ ಬಂತು ಅಂತ ಕೇಳಿ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಹೀಗೆ ಕೇಳಿ: ಕಳೆದ ವರ್ಷ ಇಲ್ಲಿ ಎಷ್ಟು ಮರಣೋತ್ತರ ಪರೀಕ್ಷೆ ನಡೆದಿವೆ? ಶವಾಗಾರಕ್ಕೆ ನೇಮಕವಾದ ಸಿಬ್ಬಂದಿ ಎಷ್ಟು, ಅದರಲ್ಲಿ ಹೊರಗುತ್ತಿಗೆ ಎಷ್ಟು? ತರಬೇತಿ ಕೊಟ್ಟ ದಾಖಲೆ ಇದೆಯಾ? ಅವರಿಗೆ ಮಾನಸಿಕ ಆರೋಗ್ಯ ತಪಾಸಣೆ ಎಷ್ಟು ಸಲ ಆಗಿದೆ?

ಕೊನೆಯ ಪ್ರಶ್ನೆಗೆ ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದರೆ ಅದೇ ಉತ್ತರ. ಆ ಕಾಗದದ ಫೋಟೊ ನಮಗೆ ಕಳಿಸಿ. ನಾಲ್ಕು ತಾಲ್ಲೂಕಿನದನ್ನೂ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಒಯ್ಯುತ್ತೇವೆ.

ನಮ್ಮ ಕಡೆಯಿಂದ ಒಂದು ಮಾತು. ಇನ್ನು ಮುಂದೆ ಈ ಪುಟದಲ್ಲಿ ‘ಶವಾಗಾರಕ್ಕೆ ಸಾಗಿಸಲಾಗಿದೆ’ ಅನ್ನುವ ಸಾಲು ಬರುವುದಿಲ್ಲ. ಎಷ್ಟು ಜನ ಸಿಬ್ಬಂದಿ, ಎಷ್ಟು ಹೊತ್ತು, ಯಾವ ಸೌಕರ್ಯದಲ್ಲಿ ಆ ಕೆಲಸ ಮಾಡಿದರು ಅಂತ ಕೇಳಿ ಬರೆಯುತ್ತೇವೆ. ಅವರು ಬೇಡ ಅಂದರೆ ಹೆಸರು ಹಾಕುವುದಿಲ್ಲ. ಆದರೆ ಅಲ್ಲಿ ಒಬ್ಬ ಮನುಷ್ಯ ಇದ್ದ ಅನ್ನುವುದನ್ನು ಬಿಡುವುದಿಲ್ಲ.